ಗಾಳಿ ತುಂಬಿದರೆ ಬಾಗುವ ಕೊಳವೆ: ಶಸ್ತ್ರಚಿಕಿತ್ಸಾ ಉಪಕರಣದ ಮಾದರಿ ಮಾಡುವುದು ಹೇಗೆ?

ಉದ್ದನೆಯ ಬಲೂನಿನ ಒಂದು ಮಗ್ಗುಲಿಗೆ ಸೆಲೋಟೇಪ್ ಅಂಟಿಸಿ ಊದಿ ನೋಡಿ. ಟೇಪ್ ಇರುವ ಮಗ್ಗುಲು ಹಿಗ್ಗಲು ಒಪ್ಪುವುದಿಲ್ಲ, ಉಳಿದದ್ದು ಹಿಗ್ಗುತ್ತದೆ. ಬಲೂನು ಟೇಪಿನ ಕಡೆಗೆ ಬಾಳೆಹಣ್ಣಿನಂತೆ ಬಾಗುತ್ತದೆ. ಶಸ್ತ್ರಚಿಕಿತ್ಸೆಗಾಗಿ ಪ್ರಯೋಗಾಲಯಗಳು ರೂಪಿಸುತ್ತಿರುವ ಗಾಳಿಚಾಲಿತ ಮೆತು ಕೊಳವೆಗಳ ಗುಟ್ಟೂ ಇಷ್ಟೇ. ಉಳಿದದ್ದೆಲ್ಲ ದಾರ, ಸಿಲಿಕೋನ್ ಮತ್ತು ತಾಳ್ಮೆ.

ಇದು ಏಕೆ ಬೇಕು? ಲ್ಯಾಪರೊಸ್ಕೋಪಿಯಲ್ಲಿ ವೈದ್ಯರು ಹೊಟ್ಟೆಯ ಮೇಲೆ ಸಾಮಾನ್ಯವಾಗಿ 5ರಿಂದ 12 ಮಿಲಿಮೀಟರಿನ ರಂಧ್ರ ಮಾಡಿ ನೇರ ಕಡ್ಡಿಯಂಥ ಉಪಕರಣ ತೂರಿಸುತ್ತಾರೆ. ರಂಧ್ರದ ಬಾಯಿಯೇ ತಿರುಗಣೆಯಾಗುವುದರಿಂದ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ಅಂಗದ ಹಿಂಬದಿಗೆ ಇಣುಕಬೇಕೆಂದರೆ ಆ ಕಡ್ಡಿ ಬಾಗುವುದಿಲ್ಲ. ಯುರೋಪಿಯನ್ ಒಕ್ಕೂಟದ ನೆರವಿನಿಂದ 2012ರಲ್ಲಿ ಆರಂಭವಾದ ಸ್ಟಿಫ್-ಫ್ಲಾಪ್ ಯೋಜನೆ ಇದಕ್ಕೆ ಆಕ್ಟೋಪಸ್ ತೋಳನ್ನು ಮಾದರಿಯಾಗಿ ಹಿಡಿಯಿತು. ಆನೆ ಕಂಡು ಬೆಳೆದ ನಮಗಾದರೆ ಸೊಂಡಿಲೇ ಸಾಕಿತ್ತು.

ಇಲ್ಲಿ ಹೇಳುತ್ತಿರುವುದು ಮೇಜಿನ ಮೇಲಿನ ಮಾದರಿ ಮಾತ್ರ. ದೇಹದೊಳಗೆ ಹೋಗುವ ಉಪಕರಣಕ್ಕೆ ಜೈವಿಕ ಸುರಕ್ಷತೆಯ ಪರೀಕ್ಷೆ, ಕ್ರಿಮಿಶುದ್ಧೀಕರಣ, ಪರವಾನಗಿ ಎಲ್ಲ ಬೇರೆಯೇ ಇವೆ.

ಮೊದಲು ಅಳತೆ. 12 ಮಿಲಿಮೀಟರ್ ರಂಧ್ರದಲ್ಲಿ ಸಲೀಸಾಗಿ ತೂರಬೇಕೆಂದರೆ ಹೊರ ವ್ಯಾಸ 9 ಮಿಲಿಮೀಟರ್ ಮೀರಬಾರದು. 5 ಮಿಲಿಮೀಟರಿನ ಉಕ್ಕಿನ ಸರಳು ಒಳಗಿನ ಟೊಳ್ಳಿಗೆ, 8 ಮಿಲಿಮೀಟರ್ ಒಳವ್ಯಾಸದ ಎರಡು ಹೋಳಿನ ಅಚ್ಚು ಹೊರಮೈಗೆ. ಗೋಡೆ ಒಂದೂವರೆ ಮಿಲಿಮೀಟರ್ ಆಯಿತು. ಕೊನೆಯ ಲೇಪನಕ್ಕೆ ಅರ್ಧ ಮಿಲಿಮೀಟರ್ ಉಳಿಯಿತು. ಉದ್ದ 60 ಮಿಲಿಮೀಟರ್ ಇರಲಿ. ಸರಳು ಅಚ್ಚಿನ ನಟ್ಟನಡುವೆ ನಿಲ್ಲಬೇಕು. ಅದು ಅರ್ಧ ಮಿಲಿಮೀಟರ್ ಸರಿದರೂ ಗೋಡೆ ಒಂದು ಕಡೆ 2, ಇನ್ನೊಂದು ಕಡೆ 1 ಮಿಲಿಮೀಟರ್ ಆಗುತ್ತದೆ. ತೆಳುವಾದ ಕಡೆ ಹೆಚ್ಚು ಹಿಗ್ಗಿ, ಕೊಳವೆ ನೀವು ಹೇಳಿದತ್ತ ಬಾಗದೆ ತನ್ನಿಷ್ಟದತ್ತ ಬಾಗುತ್ತದೆ.

ಎರಕಕ್ಕೆ ಶೋರ್ ಎ ಎಂಬ ರಬ್ಬರಿನ ಗಡಸುತನದ ಅಳತೆಯಲ್ಲಿ 30ರ ಆಸುಪಾಸಿನ, ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆಯ ಸಿಲಿಕೋನ್ ತೆಗೆದುಕೊಳ್ಳಿ. ಅದರ ಎರಡು ಭಾಗಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ತೂಗಿ, ನಿಧಾನವಾಗಿ ಕಲಸಿ, ಎತ್ತರದಿಂದ ಸಣ್ಣ ಎಳೆಯಾಗಿ ಸುರಿಯಿರಿ. ಗಾಳಿಗುಳ್ಳೆಗಳು ಆ ಎಳೆಯಲ್ಲೇ ಒಡೆಯುತ್ತವೆ. ನಿರ್ವಾತ ಪಾತ್ರೆಯಿದ್ದರೆ ಇನ್ನೂ ಒಳ್ಳೆಯದು.

ನನ್ನ ಮೊದಲ ಕೊಳವೆ ಗಟ್ಟಿಯಾಗಲೇ ಇಲ್ಲ. ಶುಚಿಯಾಗಿರಲೆಂದು ಔಷಧಿ ಅಂಗಡಿಯ ಲೇಟೆಕ್ಸ್ ಕೈಗವಸು ಹಾಕಿಕೊಂಡಿದ್ದೆ. ಲೇಟೆಕ್ಸಿನಲ್ಲಿರುವ ಗಂಧಕ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ ಎಂಬುದು ಮರುದಿನ ಹಲಸಿನ ಮೇಣದಂಥ ಮುದ್ದೆ ಬೆರಳಿಗೆ ಅಂಟಿದಾಗ ತಿಳಿಯಿತು. ನೈಟ್ರೈಲ್ ಅಥವಾ ವಿನೈಲ್ ಕೈಗವಸು ಹಾಕಿ. ಗಂಧಕವಿರುವ ಮೂರ್ತಿ ಮಾಡುವ ಜೇಡಿಯನ್ನು ಅಚ್ಚಿನ ಹತ್ತಿರವೂ ತರಬೇಡಿ.

ಗಟ್ಟಿಯಾದ ಮೇಲೆ ಸರಳನ್ನು ಎಳೆದು ಕೀಳಬೇಡಿ. ಸರಳಿಗೂ ಸಿಲಿಕೋನಿಗೂ ನಡುವೆ ಪಂಪಿನಿಂದ ಗಾಳಿ ಬಿಟ್ಟರೆ ಅದು ತಾನಾಗಿ ಸಡಿಲಗೊಳ್ಳುತ್ತದೆ. ಸಡಿಲಗೊಂಡರೂ ಈಗಲೇ ಹೊರತೆಗೆಯಬೇಡಿ; ದಾರ ಸುತ್ತುವಾಗ ಅದೇ ಆಸರೆ.

ಕೆಲಸದ ಜೀವಾಳ ಈ ದಾರವೇ. ಒತ್ತಡ ತುಂಬಿದ ತೆಳುಗೋಡೆಯ ಕೊಳವೆಯಲ್ಲಿ ಸುತ್ತಳತೆಯ ದಿಕ್ಕಿನ ಬಿಗಿತ ಉದ್ದದ ದಿಕ್ಕಿನದಕ್ಕಿಂತ ಎರಡು ಪಟ್ಟು. ಆದ್ದರಿಂದ ಬರಿಯ ಕೊಳವೆ ಉದ್ದಕ್ಕೆ ಬೆಳೆಯುವ ಬದಲು ಗಂಟಲುವಾಳದಂತೆ ಒಂದೆಡೆ ಉಬ್ಬಿ ಒಡೆಯುತ್ತದೆ. ಎರಡೂ ದಿಕ್ಕಿಗೆ ಓರೆಯಾಗಿ ದಾರ ಸುತ್ತಿದರೆ ಉಬ್ಬು ನಿಲ್ಲುತ್ತದೆ, ಆದರೆ ಕೋನ ಮುಖ್ಯ. ಕೊಳವೆಯ ಅಕ್ಷದಿಂದ 54.7 ಡಿಗ್ರಿಯಲ್ಲಿ ಸುತ್ತಿದರೆ ಗಾಳಿ ತುಂಬಿದಾಗ ಕೊಳವೆ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆ ಕೋನದ ಟ್ಯಾಂಜೆಂಟಿನ ವರ್ಗ 2. ಮೇಲೆ ಹೇಳಿದ ಎರಡು ಪಟ್ಟಿನ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ಅದಕ್ಕಿಂತ ಕಡಿಮೆ ಕೋನವಾದರೆ ಕೊಳವೆ ಸ್ನಾಯುವಿನಂತೆ ಕುಗ್ಗುತ್ತದೆ. ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕ್‌ಕಿಬನ್ 1950ರ ದಶಕದಲ್ಲಿ, ಪೋಲಿಯೊದಿಂದ ಬಳಲಿದ ತಮ್ಮ ಮಗಳಿಗಾಗಿ ರೂಪಿಸಿದ ಕೃತಕ ಸ್ನಾಯು ಈ ಜಾತಿಯದು. ಕೋನ ಹೆಚ್ಚಾದರೆ ಕೊಳವೆ ಉದ್ದವಾಗುತ್ತದೆ. ನಮಗೆ ಬೇಕಾದದ್ದು ಅದೇ.

ಸುತ್ತುವ ಮುನ್ನ ಒಂದು ಮಗ್ಗುಲಿನ ಉದ್ದಕ್ಕೂ 4 ಮಿಲಿಮೀಟರ್ ಅಗಲದ, ಹಿಗ್ಗದ ಬಟ್ಟೆಯ ಪಟ್ಟಿಯನ್ನು ಸಿಲಿಕೋನಿನಿಂದಲೇ ಅಂಟಿಸಿ. ಬಲೂನಿನ ಸೆಲೋಟೇಪ್ ಇದೇ. ಅದರ ಮೇಲೆ ಬುಗುರಿಗೆ ಚಾಟಿ ಸುತ್ತುವ ಹಾಗೆ ಪಾಲಿಯೆಸ್ಟರ್ ದಾರವನ್ನು 2 ಮಿಲಿಮೀಟರಿಗೆ ಒಂದು ಸುತ್ತಿನಂತೆ ತುದಿಯವರೆಗೆ ಸುತ್ತಿ, ಅಲ್ಲಿಂದ ಎದುರು ಓರೆಯಲ್ಲಿ ಹಿಂದಕ್ಕೆ ಸುತ್ತುತ್ತ ಬನ್ನಿ. ಕೋನ ಸುಮಾರು 85 ಡಿಗ್ರಿ ಬರುತ್ತದೆ. ಒಂದೇ ದಿಕ್ಕಿಗೆ ಸುತ್ತಿ ನಿಲ್ಲಿಸಿದರೆ ಕೊಳವೆ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ದಾರ ಗೋಡೆಯನ್ನು ಮುಟ್ಟಿದರೆ ಸಾಕು, ಕಚ್ಚಬಾರದು. ನಂತರ ತೆಳುವಾಗಿ ಸಿಲಿಕೋನ್ ಸವರಿ ಒಣಗಲು ಬಿಡಿ.

ಈಗ ಸರಳು ತೆಗೆಯಿರಿ. ಒಂದು ತುದಿಯನ್ನು ಸಿಲಿಕೋನಿನಿಂದ ಮುಚ್ಚಿ, ಇನ್ನೊಂದಕ್ಕೆ ಗಾಳಿಯ ಸಣ್ಣ ನಳಿಕೆ ಸಿಕ್ಕಿಸಿ, ದಾರದಿಂದ ಬಿಗಿದು ಸಿಲಿಕೋನ್ ಹಚ್ಚಿ. ನಳಿಕೆಯನ್ನು ಬೇಕಾದ್ದಕ್ಕಿಂತ ಸಣ್ಣದಾಗಿ ಆರಿಸುವುದು ಹೊಸಬರ ತಪ್ಪು. ಒಳವ್ಯಾಸ ಅರ್ಧವಾದರೆ ಸರಾಗ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಕೈ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ತುದಿ ಬಾಗುತ್ತದೆ; ಆ ತಡವನ್ನು ಯಾವ ಶಸ್ತ್ರವೈದ್ಯರೂ ಸಹಿಸುವುದಿಲ್ಲ.

ಮೊದಲ ಪರೀಕ್ಷೆ ನೀರಿನಿಂದ ಆಗಲಿ. ಕೊಳವೆ ಒಡೆದರೂ ನೀರು ಜಿನುಗುತ್ತದೆಯೇ ಹೊರತು ಗಾಳಿಯಂತೆ ಸಿಡಿಯುವುದಿಲ್ಲ. ಅದು ತಡೆದರೆ 10 ಮಿಲಿಲೀಟರಿನ ಸಿರಿಂಜಿನಿಂದ ಗಾಳಿ ಒತ್ತಿ. ಒತ್ತಡ ಮಾಪಕವೊಂದನ್ನು ಜೋಡಿಸಿಕೊಂಡಿದ್ದರೆ ಹತ್ತು ಹತ್ತು ಕಿಲೋಪಾಸ್ಕಲ್ ಏರಿಸುತ್ತ, ಪ್ರತಿ ಹೆಜ್ಜೆಗೂ ಬಾಗಿದ ಕೋನವನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ. ಏರಿಸುವಾಗಿನ ಗೆರೆಯೂ ಇಳಿಸುವಾಗಿನ ಗೆರೆಯೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಅದು ನಿಮ್ಮ ತಪ್ಪಲ್ಲ, ರಬ್ಬರಿನ ಗುಣ.

ಒಂದೇ ಟೊಳ್ಳಿದ್ದರೆ ಒಂದೇ ಕಡೆಗೆ ಬಾಗುತ್ತದೆ. ಎಲ್ಲ ಕಡೆಗೂ ಬಾಗಬೇಕಾದರೆ 120 ಡಿಗ್ರಿ ಅಂತರದಲ್ಲಿ ಮೂರು ಟೊಳ್ಳು ಬೇಕು. ಬಾಗಿದ ಮೇಲೆ ಗಟ್ಟಿಯಾಗಿ ನಿಲ್ಲಬೇಕಾದರೆ ಸಂಶೋಧಕರು ನೆಚ್ಚಿರುವ ಒಂದು ಉಪಾಯ ಕಾಫಿಪುಡಿ! ಪುಡಿ ತುಂಬಿದ ಚೀಲದಿಂದ ಗಾಳಿ ಎಳೆದರೆ ಅದು ಅಂಗಡಿಯ ನಿರ್ವಾತ ಪೊಟ್ಟಣದಂತೆ ಇಟ್ಟಿಗೆಯಾಗುತ್ತದೆ.

ಕೊನೆಯದು ಸೋರಿಕೆ. ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಯನ್ನು ಸಾಮಾನ್ಯವಾಗಿ 2 ಕಿಲೋಪಾಸ್ಕಲ್ ಮೀರದಂತೆ ಇಂಗಾಲದ ಡೈಆಕ್ಸೈಡಿನಿಂದ ಉಬ್ಬಿಸುತ್ತಾರೆ, ಏಕೆಂದರೆ ಅದು ರಕ್ತದಲ್ಲಿ ಬೇಗ ಕರಗುತ್ತದೆ. ನಮ್ಮ ಕೊಳವೆಯ ಗಾಳಿ ಇದಕ್ಕಿಂತ ಹತ್ತಾರು ಪಟ್ಟು ಒತ್ತಡದಲ್ಲಿರುತ್ತದೆ. ಸಾದಾ ಗಾಳಿಯ ಗುಳ್ಳೆ ರಕ್ತನಾಳ ಸೇರಿದರೆ ಪ್ರಾಣಕ್ಕೇ ಅಪಾಯ. ಕೆಲವರು ಗಾಳಿಯ ಬದಲು ಲವಣದ್ರಾವಣ ಬಳಸುವುದು ಇದಕ್ಕಾಗಿಯೇ. ಕೊಳವೆಗೆ ಗಾಳಿ ತುಂಬಿ, ನೀರಿನ ಲೋಟದಲ್ಲಿ ಮುಳುಗಿಸಿ ಹತ್ತು ನಿಮಿಷ ಕಣ್ಣಿಟ್ಟು ನೋಡಿ. ನಾನು ಗೋಡೆಯನ್ನೇ ನೋಡುತ್ತ ಕುಳಿತಿದ್ದೆ. ಗುಳ್ಳೆ ಬಂದದ್ದು ನಳಿಕೆ ಸಿಕ್ಕಿಸಿದ ಸಂದಿಯಿಂದ, ಸಾಸಿವೆಕಾಳಿನಷ್ಟು, ಏಳನೆಯ ನಿಮಿಷದಲ್ಲಿ.