ಹೈಸ್ಕೂಲಿನ ಕನ್ನಡ ಗೋಡೆಪತ್ರಿಕೆ: ಮೂರನೇ ಸಂಚಿಕೆ ದಾಟಿಸುವುದು ಹೇಗೆ

ಮಕ್ಕಳೇ ಬರೆದು ಬೋರ್ಡಿಗೆ ಏರಿಸುವ ಗೋಡೆಪತ್ರಿಕೆಯ ಮೊದಲ ಸಂಚಿಕೆ ಮುಂಬಯಿಯ ಎಲ್ಲ ಕನ್ನಡ ಶಾಲೆಗಳಲ್ಲೂ ಚೆನ್ನಾಗಿಯೇ ಬರುತ್ತದೆ. ಎರಡನೆಯದು ತಡವಾಗುತ್ತದೆ. ಮೂರನೆಯದು ಬರಬೇಕಾದ ಜಾಗದಲ್ಲಿ ಆಗಸ್ಟ್ 15ಕ್ಕೆ ಅಂಟಿಸಿದ ಧ್ವಜದ ಚಿತ್ರ ಅಕ್ಟೋಬರ್ ತನಕ ಬಣ್ಣಗೆಟ್ಟು ಜೋತಾಡುತ್ತಿರುತ್ತದೆ. ಮಕ್ಕಳಿಗೆ ಉತ್ಸಾಹ ಇಲ್ಲ ಎಂದು ಟೀಚರುಗಳು ಗೊಣಗುವುದುಂಟು. ನಿಜವಾದ ಕಾರಣ ಬೇರೆ: ಮೊದಲ ಸಂಚಿಕೆಯ ಅಲಂಕಾರಕ್ಕೇ ಎರಡು ವಾರ ಹೋಗಿರುತ್ತದೆ, ಎರಡನೆಯದಕ್ಕೆ ಕೈಯಲ್ಲಿ ಒಂದು ಬರಹವೂ ಇರುವುದಿಲ್ಲ.

ಆದ್ದರಿಂದ ಮೊದಲು ಕ್ಯಾಲೆಂಡರ್ ಬಿಡಿಸಿ. ಮಹಾರಾಷ್ಟ್ರದಲ್ಲಿ ಶಾಲೆ ಶುರುವಾಗುವುದು ಜೂನ್ ಮಧ್ಯಕ್ಕೆ. ಜೂನ್ ತಿಂಗಳು ಪುಸ್ತಕ, ಯೂನಿಫಾರಂ, ಮಳೆಯ ರಜೆಗಳಲ್ಲೇ ಕಳೆಯುತ್ತದೆ. ಜುಲೈ ಕೊನೆಗೆ ಒಂದು, ಗಣೇಶೋತ್ಸವದ ರಜೆ ಮುಗಿದ ಮೇಲೆ ಒಂದು, ದೀಪಾವಳಿ ರಜೆಯ ನಂತರ ಒಂದು, ಡಿಸೆಂಬರಿನ ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ) ಹೊತ್ತಿಗೆ ಒಂದು, ಜನವರಿಯಲ್ಲಿ ಒಂದು. ವರ್ಷಕ್ಕೆ ಐದು ಸಾಕು. ತಿಂಗಳಿಗೊಂದು ಎಂದು ಘೋಷಿಸಿದವರು ಮೊದಲ ಸತ್ರದ (ಅರ್ಧವರ್ಷದ) ಪರೀಕ್ಷೆ ಬಂದ ಕೂಡಲೇ ಕೈಚೆಲ್ಲುತ್ತಾರೆ. ರಾಜ್ಯೋತ್ಸವ ಸಂಚಿಕೆ ನವೆಂಬರ್ 1ರಂದೇ ಏರಬೇಕು ಎಂಬ ಹಟವೂ ಬೇಡ. 2024ರಲ್ಲಿ ಅದೇ ದಿನ ದೀಪಾವಳಿಯ ಲಕ್ಷ್ಮೀಪೂಜೆ ಇತ್ತು; 2026ರಲ್ಲಿ ಅದು ಭಾನುವಾರ, ಮುಂದಿನ ಭಾನುವಾರ ಲಕ್ಷ್ಮೀಪೂಜೆ. ಖಾಲಿ ಶಾಲೆಯಲ್ಲಿ ಓದುವವರು ಯಾರು? ರಜೆ ಮುಗಿದು ಶಾಲೆ ತೆರೆದ ಮೂರನೇ ದಿನ ಹಾಕಿ.

ಸಂಪಾದಕರು ಒಂಬತ್ತನೆಯವರಾಗಿರಲಿ. ಹತ್ತನೆಯವರಿಗೆ ದೀಪಾವಳಿಯ ನಂತರ ಪ್ರಿಲಿಮ್ಸ್ (ಪೂರ್ವಸಿದ್ಧತಾ ಪರೀಕ್ಷೆ), ಅದರ ಬೆನ್ನಿಗೇ ಎಸ್ಸೆಸ್ಸಿ ಬೋರ್ಡ್ ಪರೀಕ್ಷೆ. ಅವರಿಂದ ಬರಹ ಕೇಳಿ, ಕೆಲಸ ಕೇಳಬೇಡಿ. ಒಟ್ಟು ಏಳು ಜನ ಸಾಕು: ಒಬ್ಬ ಸಂಪಾದಕಿ ಅಥವಾ ಸಂಪಾದಕ, ಬರಹ ಸಂಗ್ರಹಿಸಲು ಇಬ್ಬರು, ಬರೆಯಲು ಒಳ್ಳೆಯ ಅಕ್ಷರದ ಇಬ್ಬರು, ಚಿತ್ರಕ್ಕೆ ಒಬ್ಬರು, ತಪ್ಪು ತಿದ್ದಲು ಒಬ್ಬರು. ತಿದ್ದುವವರು ಬರೆಯುವವರೇ ಆಗಕೂಡದು. ತಾನು ಬರೆದ ‘ಅಕ್ಕಿ’ಯಲ್ಲಿ ‘ಹಕ್ಕಿ’ ಕಾಣೆಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಜಾಗದ ಅಳತೆ

ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಸಾಫ್ಟ್‌ಬೋರ್ಡ್ ಇದೆಯೆಂದು ಇಟ್ಟುಕೊಳ್ಳಿ. ಅಂದರೆ ಸುಮಾರು 122 ಸೆಂ.ಮೀ. ಅಗಲ, 91 ಸೆಂ.ಮೀ. ಎತ್ತರ. ನಿಲುವಾಗಿ ಇಟ್ಟ ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಎತ್ತರ. ಒಂದು ಸಾಲಿಗೆ ಐದರಂತೆ ಎರಡು ಸಾಲು ಹಿಡಿಸುತ್ತವೆ, ಮೇಲೆ 20 ಸೆಂ.ಮೀ. ಎತ್ತರದ ಹೆಸರುಪಟ್ಟಿಗೂ ಜಾಗ ಉಳಿಯುತ್ತದೆ, ಎಲ್ಲ ಕಡೆ ಹೆಚ್ಚುಕಡಿಮೆ ಮೂರು ಸೆಂ.ಮೀ. ಅಂತರವೂ ಸಿಗುತ್ತದೆ. ಹತ್ತು ಹಾಳೆ, ಅಷ್ಟೇ. ಹನ್ನೊಂದನೆಯದನ್ನು ತುರುಕಿದರೆ ಎಲ್ಲವೂ ಒಂದರ ಮೇಲೊಂದು ಹತ್ತಿ ಕೂರುತ್ತವೆ. ಅದನ್ನು ಮುಂದಿನ ಸಂಚಿಕೆಯ ದಾಸ್ತಾನಿಗೆ ಹಾಕಿ.

ಬೋರ್ಡಿನ ನಡುಭಾಗ ನೆಲದಿಂದ ಸುಮಾರು 140 ಸೆಂ.ಮೀ. ಮೇಲಿರಲಿ. ಮುಂಬಯಿಯ ಎಷ್ಟೋ ಕಟ್ಟಡಗಳಲ್ಲಿ ಬೆಳಿಗ್ಗೆ ಹೈಸ್ಕೂಲು, ಮಧ್ಯಾಹ್ನ ಪ್ರೈಮರಿ. ಮಧ್ಯಾಹ್ನದ ಶಿಫ್ಟಿನ ಪುಟ್ಟ ಕೈಗಳು ಕೆಳಗಿನ ಸಾಲಿನ ಮೂಲೆಗಳನ್ನು ಕೀಳದೆ ಬಿಡುವುದಿಲ್ಲ. ಬೈದು ಪ್ರಯೋಜನವಿಲ್ಲ. ಲೇಖನಗಳನ್ನು ಮೇಲಿನ ಸಾಲಿಗೆ ಏರಿಸಿ, ಒಗಟು, ಚಿತ್ರ, ಪದಬಂಧಗಳನ್ನು ಕೆಳಗೆ ಇಳಿಸಿ. ಅವರೂ ಓದುಗರೇ ಆಗುತ್ತಾರೆ.

ಮೆಟ್ಟಿಲ ಪಕ್ಕದ ಗೋಡೆ ಬೇಡ. ಗಂಟೆ ಹೊಡೆದಾಗ ಅಲ್ಲಿ ನಿಂತವರನ್ನು ಹಿಂದಿನವರು ದೂಡುತ್ತಾರೆ. ಕುಡಿಯುವ ನೀರಿಗೆ ಸಾಲು ನಿಲ್ಲುವ ಕಡೆ ಓದುಗರು ತಾವಾಗಿಯೇ ಸಿಗುತ್ತಾರೆ, ಆದರೆ ನಲ್ಲಿಯಿಂದ ಎರಡು ಮೀಟರಾದರೂ ದೂರವಿರಲಿ. ಪಶ್ಚಿಮಕ್ಕೆ ತೆರೆದ ವರಾಂಡವಾದರೆ ಜುಲೈ ಮಳೆ ಗಾಳಿಯ ಜೊತೆ ನೇರ ಬೋರ್ಡಿಗೇ ಬಡಿಯುತ್ತದೆ.

ಅಕ್ಷರ

ಇಲ್ಲಿ ಸೋಲುವವರೇ ಹೆಚ್ಚು. ಓದುವವರು ನಿಂತಿರುತ್ತಾರೆ, ಒಂದು ಮೀಟರ್ ದೂರದಲ್ಲಿ, ಮುಂದೆ ಇನ್ನೊಬ್ಬರ ತಲೆ. ನೋಟ್‌ಬುಕ್ಕಿನ ಅಕ್ಷರ ಅವರಿಗೆ ಕಾಣಿಸದು. ಅಕ್ಷರ 7 ಮಿ.ಮೀ. ಎತ್ತರವಿರಲಿ, ಪೆನ್ಸಿಲಿನಲ್ಲಿ 15 ಮಿ.ಮೀ.ಗೊಂದು ಗೆರೆ ಎಳೆಯಿರಿ. ಇಷ್ಟು ಅಂತರ ದುಂದು ಅನ್ನಿಸಬಹುದು. ‘ಸ್ವಾತಂತ್ರ್ಯ’ ಎಂದು ಬರೆದು ನೋಡಿ: ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಇಂಗ್ಲಿಷ್ ಬರಹಕ್ಕೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು. ನಾಲ್ಕೂ ಬದಿ ಎರಡು ಸೆಂ.ಮೀ. ಅಂಚು ಬಿಟ್ಟರೆ 17 ಸಾಲು ಬರುತ್ತವೆ, ತಲೆಬರಹಕ್ಕೆ ಮೂರು ಹೋಗಿ 14 ಉಳಿಯುತ್ತವೆ. ಸಾಲಿಗೆ ನಾಲ್ಕು ಪದದ ಲೆಕ್ಕ ಹಿಡಿದರೆ ಒಂದು ಹಾಳೆಗೆ 55ರಿಂದ 60 ಪದ. ಈ ಲೆಕ್ಕವನ್ನು ಬರೆಯುವವರಿಗೆ ಮೊದಲೇ ಹೇಳಿಬಿಡಿ. ಮುನ್ನೂರು ಪದದ ಪ್ರಬಂಧ ತಂದವರಿಗೆ ಆಮೇಲೆ ಕತ್ತರಿಸಿ ಎಂದರೆ ಮುಖ ಬಾಡುತ್ತದೆ.

ನೀರಿನ ಸ್ಕೆಚ್‌ಪೆನ್ ಮಳೆಗಾಲದ ತೇವಕ್ಕೆ ಹರಡುತ್ತದೆ, ಜೆಲ್ ಪೆನ್ನೂ ನಂಬಿಕಸ್ಥವಲ್ಲ. ದಪ್ಪ ಮೊನೆಯ ಕಪ್ಪು ಬಾಲ್ ಪೆನ್ನಿನ ಎಣ್ಣೆಯಂಶದ ಶಾಯಿ ಹರಡುವುದಿಲ್ಲ. ತಲೆಬರಹಕ್ಕೆ ಸೀಡಿ ಮಾರ್ಕರ್ (ಅಳಿಸದ ಶಾಯಿಯ ಪೆನ್). ಹಳದಿ ಮತ್ತು ತಿಳಿ ಹಸಿರಿನಲ್ಲಿ ಏನನ್ನೂ ಬರೆಯಬೇಡಿ. ಮಿನುಗುಪುಡಿಯ ಅಂಚಿನ ಮೋಹವಿದ್ದರೆ ಹೆಸರುಪಟ್ಟಿಗೆ ಮಾತ್ರ ತೀರಿಸಿಕೊಳ್ಳಿ.

ಟೈಪ್ ಮಾಡಿಸುವುದಾದರೆ 24 ಪಾಯಿಂಟಿಗಿಂತ ಕಡಿಮೆ ಬೇಡ, ಮತ್ತು ಫೈಲನ್ನು ಪಿಡಿಎಫ್ ಮಾಡಿಯೇ ಜೆರಾಕ್ಸ್ ಅಂಗಡಿಗೆ ಒಯ್ಯಿರಿ. ವರ್ಡ್ ಫೈಲು ಕೊಟ್ಟರೆ, ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದಾಗ ಅಕ್ಷರಗಳ ಬದಲು ಖಾಲಿ ಚೌಕಗಳು ಬರುತ್ತವೆ. ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಫೆವಿಕಾಲ್ ಬಳಿದರೆ ಅದರ ನೀರು ಹೀರಿ ಹಾಳೆ ಉಬ್ಬಿ ಸುಕ್ಕಾಗುತ್ತದೆ. ಚಿತ್ರ ಅಂಟಿಸಲು ಗ್ಲೂ ಸ್ಟಿಕ್ ಒಳ್ಳೆಯದು. ಕಡಲ ಗಾಳಿಗೆ ಪಿನ್ನುಗಳು ತುಕ್ಕು ಹಿಡಿದು ಕಂದು ಕಲೆ ಬಿಡುತ್ತವೆ, ಹಾಗಾಗಿ ಪ್ರತಿ ಸಂಚಿಕೆಗೂ ಪಿನ್ನು ನೋಡಿ ಬದಲಿಸಿ. ಬೋರ್ಡೇ ಇಲ್ಲದಿದ್ದರೆ ದಪ್ಪ ರಟ್ಟಿನ ಪೆಟ್ಟಿಗೆ ಬಿಚ್ಚಿ ಜೋಡಿಸಿ. ಥರ್ಮಾಕೋಲ್ ತರಬೇಡಿ, ಮಹಾರಾಷ್ಟ್ರದಲ್ಲಿ 2018ರಿಂದ ಅಲಂಕಾರಕ್ಕೆ ಅದನ್ನು ಬಳಸುವಂತಿಲ್ಲ.

ಏನು ಹಾಕುವುದು

ಗಾದೆ, ಸುಭಾಷಿತ, ಮಹನೀಯರ ಜನ್ಮದಿನ: ಇವುಗಳನ್ನು ಯಾರೂ ನಿಂತು ಓದುವುದಿಲ್ಲ. ತರಗತಿಯವರ ಹೆಸರಿದ್ದರೆ ಓದುತ್ತಾರೆ. ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು ಮಾತಾಡುವ ಹುಡುಗಿ, ವಿಜಯಪುರದ ಕನ್ನಡ ಮಾತಾಡುವ ಹುಡುಗ ಕೂತಿರುತ್ತಾರೆ. ಒಬ್ಬಳು ನೀರುದೋಸೆಯ ಅಳತೆ ಬರೆಯಲಿ, ಇನ್ನೊಬ್ಬ ಜೋಳದ ರೊಟ್ಟಿ ತಟ್ಟುವ ಕ್ರಮ ಬರೆಯಲಿ, ಎರಡನ್ನೂ ಅಕ್ಕಪಕ್ಕ ಹಾಕಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಹಿರಿಯರು ಮುಂಬಯಿ ಕನ್ನಡಿಗರಲ್ಲಿ ಬೇಕಾದಷ್ಟಿದ್ದಾರೆ. ಅವರನ್ನು ‘ನಿಮ್ಮ ಸಂದೇಶವೇನು?’ ಎಂದು ಕೇಳಿದರೆ ಭಾಷಣ ಸಿಗುತ್ತದೆ. ‘ರಾತ್ರಿ ಕ್ಲಾಸು ಎಷ್ಟು ಹೊತ್ತಿಗೆ ಬಿಡುತ್ತಿತ್ತು? ಊಟ ಯಾವಾಗ? ಮಲಗುತ್ತಿದ್ದುದು ಎಲ್ಲಿ?’ ಎಂದು ಕೇಳಿ.

ಮಾತು ಬಂದೂ ಬರವಣಿಗೆ ಬಾರದ ಮಕ್ಕಳಿರುತ್ತಾರೆ. ಅವರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ, ಹೆಸರು ಹೇಳಿದವರದೇ ಇರಲಿ. ‘ವಡಾಪಾವ್’, ‘ಲೋಕಲ್’, ‘ಡಬ್ಬಾ’ಗಳನ್ನು ತಿದ್ದಲು ಹೋಗಬೇಡಿ. ತಿದ್ದಬೇಕಾದದ್ದು ಲ, ಳ ಮತ್ತು ಅ, ಹ ಅದಲುಬದಲಾದದ್ದನ್ನು.

ವಾಟ್ಸಾಪಿನಿಂದ ಇಳಿಸಿದ ಕವಿತೆಗಳು ಬಂದೇ ಬರುತ್ತವೆ. ಕಾಗದ ಬದಿಗಿಟ್ಟು ‘ಇದರಲ್ಲಿ ಏನಿದೆ, ಹೇಳು’ ಎನ್ನಿ. ಸ್ವಂತದ್ದಾದರೆ ಬಾಯಿ ತೆರೆಯುತ್ತಾರೆ, ಇಲ್ಲದಿದ್ದರೆ ಮೇಲೆ ನೋಡುತ್ತಾರೆ. ಫೋನ್ ನಂಬರು, ಮನೆ ವಿಳಾಸ ಬೋರ್ಡಿಗೆ ಏರದಂತೆ ನೋಡಿಕೊಳ್ಳಿ. ಮುಖ್ಯಾಧ್ಯಾಪಕರ ಸಹಿಯನ್ನು ಪ್ರತಿ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹಾಕಿಸಿ, ಹಾಕುವ ಎರಡು ದಿನ ಮುಂಚೆ. ಅದೇ ದಿನ ಹೋದರೆ ಅವರು ಮೀಟಿಂಗಿನಲ್ಲಿರುತ್ತಾರೆ.

ಸಂಚಿಕೆ ಏರುವ ದಿನವೇ ಮುಂದಿನದರ ನಾಲ್ಕು ಬರಹ ಕೈಯಲ್ಲಿರಬೇಕು: ಒಂದು ಅಡುಗೆ, ಒಂದು ಒಗಟು, ಒಂದು ಚಿತ್ರ, ಒಂದು ಸಂದರ್ಶನ. ಇವಕ್ಕೆ ತಾರೀಕಿನ ಹಂಗಿಲ್ಲ, ಹಳಸುವುದಿಲ್ಲ. ನಾಲ್ಕು ಇಲ್ಲದಿದ್ದರೆ ಈ ಸಂಚಿಕೆಯಿಂದಲೇ ಎರಡು ಹಾಳೆ ತೆಗೆದು ಉಳಿಸಿಕೊಳ್ಳಿ. ಎಂಟು ಹಾಳೆಯ ಸಂಚಿಕೆ ಬಂದರೆ ಯಾರೂ ಎಣಿಸುವುದಿಲ್ಲ.

ಇಳಿಸುವ ಮೊದಲು ಒಂದೊಂದೇ ಹಾಳೆಯ ಫೋಟೋ ತೆಗೆಯಿರಿ. ಹಾಳೆಗಳನ್ನು ತರಗತಿಯಲ್ಲಿ ಫ್ಯಾನಿನ ಕೆಳಗೆ ಒಂದು ದಿನ ಒಣಗಿಸಿ, ಸಂಚಿಕೆಗೊಂದರಂತೆ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟರೆ ತೇವ ಒಳಗೇ ಉಳಿದು ಬೂಸು ಹಿಡಿಯುತ್ತದೆ. ಡಿಸೆಂಬರಿನ ಗ್ಯಾದರಿಂಗಿಗೆ ಪಾಲಕರು ಬರುವಾಗ ಇವನ್ನೆಲ್ಲ ಹೊರತೆಗೆದು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿಸಿ. ಜನವರಿ ಸಂಚಿಕೆಯನ್ನು ಎಂಟನೆಯವರ ಕೈಗೇ ಕೊಟ್ಟು, ಒಂಬತ್ತನೆಯವರು ಪಕ್ಕದಲ್ಲಿ ನಿಂತು ನೋಡಲಿ.