ಅಲ್ಯೂಮಿನಿಯಂ ನೆಕ್ಕಿನ ಗಿಟಾರ್: ಪೀಣ್ಯದಲ್ಲಿ ಕೊರೆಸಿ ಕಟ್ಟಿದ ನನ್ನ ಅನುಭವ

ಗಿಟಾರಿನ ನೆಕ್ ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ. ಮರದ ನೆಕ್ ತೇವ ಕುಡಿಯುತ್ತದೆ. ಬೆಂಗಳೂರಲ್ಲಿ ಚೆನ್ನಾಗಿ ಹೊಂದಿಸಿಕೊಂಡು ಜುಲೈನಲ್ಲಿ ಮಂಗಳೂರಿಗೆ ಹೋದರೆ ತಂತಿಯ ಎತ್ತರವೇ ಬದಲಾಗಿರುತ್ತದೆ. ಬಾಗು ಸರಿಪಡಿಸಲು ನೆಕ್ಕಿನೊಳಗೆ ಇರುವ ಸರಳನ್ನು, ಅಂದರೆ ಟ್ರಸ್ ರಾಡನ್ನು, ತಿರುಗಿಸಬೇಕು, ನೆಕ್ ಮಾತು ಕೇಳುವವರೆಗೆ ಕಾಯಬೇಕು. ಅಲ್ಯೂಮಿನಿಯಂಗೆ ತೇವದ ಗೊಡವೆಯೇ ಇಲ್ಲ. ಅದರ ತೊಂದರೆ ಬಿಸಿ. ಆದರೆ ಬಿಸಿಯಿಂದ ಕೆಟ್ಟ ಶ್ರುತಿಯನ್ನು ಒಂದು ನಿಮಿಷದಲ್ಲಿ ಸರಿ ಮಾಡಬಹುದು, ತೇವಕ್ಕೆ ಬಾಗಿದ ನೆಕ್ಕನ್ನು ಆಗುವುದಿಲ್ಲ. ನಾನು ಲೋಹಕ್ಕೆ ಹೋಗಿದ್ದು ಈ ಒಂದೇ ಲೆಕ್ಕಾಚಾರದಿಂದ.

ಇದು ಹೊಸ ಯೋಚನೆ ಏನಲ್ಲ. ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರೇ ಅಲ್ಯೂಮಿನಿಯಂನದು. 1932ರಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್' ಇಡಿಯಾಗಿ ಎರಕದ ಅಲ್ಯೂಮಿನಿಯಂ. ತೊಡೆಯ ಮೇಲಿಟ್ಟು ನುಡಿಸುವ ವಾದ್ಯ ಅದು. ವೇದಿಕೆಯ ದೀಪದ ಕಾವಿಗೆ ಶ್ರುತಿ ಸರಿಯುತ್ತದೆ ಅನ್ನುವ ದೂರು ಆಗಲೇ ಇತ್ತು. ಆಮೇಲೆ ಇಟಲಿಯ ವಾಂಡ್ರೆ ಪಿಯೋಲಿ ಅಲ್ಯೂಮಿನಿಯಂ ನೆಕ್ ಹಾಕಿ ವಿಚಿತ್ರ ಆಕಾರದ ಗಿಟಾರ್‌ಗಳನ್ನು ಮಾಡಿದ. ಅಮೆರಿಕದ ಜಾನ್ ವೆಲೆನೊ ಬಾಡಿಯನ್ನೂ ಅಲ್ಯೂಮಿನಿಯಂನಲ್ಲೇ ಟೊಳ್ಳಾಗಿ ಕೊರೆದ. ನನಗೆ ದಾರಿ ತೋರಿಸಿದ್ದು ಕ್ಯಾಲಿಫೋರ್ನಿಯಾದ ಟ್ರಾವಿಸ್ ಬೀನ್. 1974ರಿಂದ 1979ರವರೆಗೆ ಅವರು ಮಾಡಿದ ಗಿಟಾರ್‌ಗಳಲ್ಲಿ ಟ್ಯೂನಿಂಗ್ ಕೀಗಳಿರುವ ತುದಿಯಾದ ಹೆಡ್‌ಸ್ಟಾಕ್‌ನಿಂದ ತಂತಿಯ ಇನ್ನೊಂದು ತುದಿ ಕೂರುವ ಬ್ರಿಡ್ಜ್‌ವರೆಗೆ ಒಂದೇ ಲೋಹದ ತುಂಡು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಕೂರುವುದೂ ಅದರ ಮೇಲೆಯೇ, ಮರ ಸುತ್ತ ಇರುತ್ತದೆ ಅಷ್ಟೆ. ಜೆರ್ರಿ ಗಾರ್ಸಿಯಾ ನುಡಿಸಿದ್ದರು, ಸ್ಟೀವ್ ಆಲ್ಬಿನಿ ಕೈಯಲ್ಲೂ ಅದೇ ಇತ್ತು. ಬೀನ್ ಜೊತೆಗಿದ್ದ ಗ್ಯಾರಿ ಕ್ರೇಮರ್ ಬೇರೆಯಾಗಿ ತಮ್ಮ ಕಂಪನಿ ಶುರು ಮಾಡಿ, ನೆಕ್ಕಿನ ಹಿಂಬದಿಗೆ ಮರದ ಪಟ್ಟಿ ಕೂರಿಸಿದರು. ತೂಕ ಕಡಿಮೆ, ಕೈಗೆ ತಣ್ಣಗೂ ತಾಗುವುದಿಲ್ಲ. ಜಾಣ ಕೆಲಸ.

ನಾನು ಆರಿಸಿಕೊಂಡಿದ್ದು 6061-ಟಿ6 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಪಟ್ಟಿ. ಸುಲಭವಾಗಿ ಸಿಗುತ್ತದೆ, ಚೆನ್ನಾಗಿ ಕೊರೆಯುತ್ತದೆ, ಆನೊಡೈಸ್ (ವಿದ್ಯುತ್ತಿನಿಂದ ಗಟ್ಟಿ ಆಕ್ಸೈಡ್ ಪದರ ಕಟ್ಟಿಸುವುದು) ಕೂಡ ಒಪ್ಪುತ್ತದೆ. 900 ಮಿ.ಮೀ. ಉದ್ದ, 80 ಅಗಲ, 32 ದಪ್ಪ. ಇಷ್ಟುದ್ದದ ತುಂಡಿಗೆ ಚಿಕ್ಕ ವಿಎಂಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಮೆಷಿನ್) ಸಾಲದು, ಟೇಬಲ್ ಒಂದು ಮೀಟರ್ ಓಡಬೇಕು. ಪೀಣ್ಯದ ಒಂದು ಜಾಬ್ ಶಾಪ್‌ನಲ್ಲಿ ಅಂಥ ಮೆಷಿನ್ ಸಿಕ್ಕಿತು. ಡ್ರಾಯಿಂಗ್ ನೋಡಿದ ಆಪರೇಟರ್ ಮೊದಲು ಕೇಳಿದ್ದೇ, "ಸಾರ್, ಇದು ಆರು ಕಿಲೋ ಪೀಸು. ಉಳಿಯೋದು ಒಂದೂವರೆ ಕಿಲೋ. ಬಾಕಿ ಎಲ್ಲಾ ಗುಜರಿಗೇ ಅಲ್ವಾ?" ಹೌದು, ಈ ಕೆಲಸದ ಅರ್ಧ ಖರ್ಚು ಚಿಪ್ ಆಗಿ ನೆಲಕ್ಕೆ ಬೀಳುತ್ತದೆ.

ಆದರೆ ಹಾಗೆ ತೆಗೆಯದೆ ಬೇರೆ ದಾರಿ ಇಲ್ಲ. ಅಲ್ಯೂಮಿನಿಯಂ ಮೇಪಲ್ ಮರಕ್ಕಿಂತ ನಾಲ್ಕು ಪಟ್ಟು ಹತ್ತಿರ ಭಾರ. ಗಟ್ಟಿ ತುಂಡನ್ನೇ ಬಿಟ್ಟರೆ ಹೆಡ್‌ಸ್ಟಾಕ್ ಕೆಳಗೆ ಜಗ್ಗುತ್ತದೆ, ಎಡಗೈ ನುಡಿಸುವುದು ಬಿಟ್ಟು ನೆಕ್ ಹೊರುತ್ತಾ ಕೂರಬೇಕು. ಫ್ರೆಟ್‌ಬೋರ್ಡ್ (ಫ್ರೆಟ್ ಅನ್ನುವ ಲೋಹದ ಅಡ್ಡಪಟ್ಟಿಗಳಿರುವ, ಬೆರಳೊತ್ತುವ ಹಲಗೆ) ಕೂರುವ ಬದಿಯಿಂದ ಒಳಗೆ ಉದ್ದಕ್ಕೂ ಕಾಲುವೆ ಕೊರೆಸಿ, ಗೋಡೆ 4 ಮಿ.ಮೀ. ಉಳಿಸಿಕೊಂಡೆ. ಈ ಅಳತೆಯ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಯಾಕೆಂದರೆ ನನ್ನ ನೆಕ್ಕಿನಲ್ಲಿ ಟ್ರಸ್ ರಾಡ್ ಇಲ್ಲ. 10-46 ಸೆಟ್ಟಿನ (ಅತಿ ತೆಳುವಿನದು 0.010 ಇಂಚು, ಅತಿ ದಪ್ಪದ್ದು 0.046) ಆರು ತಂತಿಗಳು ಸೇರಿ ಸುಮಾರು 47 ಕಿಲೋ ಬಲದಲ್ಲಿ ಎಳೆಯುತ್ತವೆ. ಆ ಎಳೆತಕ್ಕೆ ನೆಕ್ ಚೂರು ಬಾಗಬೇಕು, ಇಲ್ಲದಿದ್ದರೆ ಮಿಡಿಯುವ ತಂತಿ ಫ್ರೆಟ್ಟಿಗೆ ಬಡಿಯುತ್ತದೆ. ಜಾಸ್ತಿ ಬಾಗಿದರೂ ತಿರುಗಿಸಿ ಸರಿ ಮಾಡೋಕೆ ಏನೂ ಇಲ್ಲ. ಗೋಡೆಯ ದಪ್ಪವೇ ನನ್ನ ಟ್ರಸ್ ರಾಡ್. ತಂತಿ ಏರಿಸಿ ನೇರಪಟ್ಟಿ ಇಟ್ಟು ನೋಡಿದಾಗ ನಡುವೆ, ಸಂದಿ ಅಳೆಯುವ ಫೀಲರ್ ಗೇಜಿನ 0.15 ಮಿ.ಮೀ. ಎಲೆ ಹಿತವಾಗಿ ಹೊಕ್ಕಿತು. ಇಷ್ಟೇ ಬೇಕಿತ್ತು.

ಕೊರೆಯುವಾಗ ಒಂದು ವಿಷಯ ನೆನಪಿಡಿ. ಪಟ್ಟಿಯೊಳಗೆ ಒತ್ತಡ ಅಡಗಿರುತ್ತದೆ. ಒಂದೇ ಬದಿಯಿಂದ ಜಾಸ್ತಿ ತೆಗೆದರೆ ಕ್ಲಾಂಪ್ ಬಿಚ್ಚಿದ ಕೂಡಲೇ ಬಿಲ್ಲಿನಂತೆ ಬಾಗುತ್ತದೆ. ಹಾಗಾಗಿ ಎರಡೂ ಬದಿಯನ್ನು ಒಂದಾದ ಮೇಲೊಂದು ಒರಟಾಗಿ ತೆಗೆಸಿದೆವು. ಎಲ್ಲ ಕಡೆ ಒಂದು ಮಿ.ಮೀ. ಉಳಿಸಿ, ಬಿಚ್ಚಿ, ರಾತ್ರಿಯೆಲ್ಲ ಸುಮ್ನೆ ಇಟ್ಟು, ಮರುದಿನ ಫಿನಿಶ್ ಕಟ್. ಕೊರೆಯುವ ಕಟರ್, ಅಂದರೆ ಎಂಡ್ ಮಿಲ್, ಎರಡು ಹಲ್ಲಿನದೇ ಇರಲಿ. ಹಲ್ಲು ಜಾಸ್ತಿಯಾದರೆ ಚಿಪ್ ಹೊರಬರಲು ಜಾಗ ಸಾಲದೆ ಕಟರಿಗೇ ಅಂಟಿಕೊಳ್ಳುತ್ತದೆ.

ಫ್ರೆಟ್‌ಬೋರ್ಡಿಗೆ ನಮ್ಮ ಬೀಟೆ ಮರ. ಪ್ರಪಂಚದ ಎಷ್ಟೋ ಗಿಟಾರ್‌ಗಳ ಮೇಲಿರುವುದು ಅದೇ. ಲೋಹಕ್ಕೆ ಮರ ಅಂಟಿಸಲು ನಿಧಾನವಾಗಿ ಒಣಗುವ ಎಪಾಕ್ಸಿಯೇ ಬೇಕು, ಫೆವಿಕಾಲ್ ನಡೆಯುವುದಿಲ್ಲ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕ್ಷಣದಿಂದ ಆಕ್ಸೈಡ್ ಪೊರೆ ಕಟ್ಟುತ್ತದೆ. ಉಪ್ಪುಕಾಗದದಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ತಡ ಮಾಡದೆ ಅಂಟು ಹಚ್ಚಬೇಕು. ಬ್ರಿಡ್ಜಿನ ಸ್ಕ್ರೂಗಳಿಗೆ ಸ್ಟೀಲ್ ಹೆಲಿಕಾಯಿಲ್ (ತೂತಿನೊಳಗೆ ಕೂರುವ ಥ್ರೆಡ್ ಸುರುಳಿ) ಹಾಕಿಸಿ. ಅಲ್ಯೂಮಿನಿಯಂನಲ್ಲಿ ಕೊರೆದ ಥ್ರೆಡ್ ಬಹಳ ಸಲ ಬಿಚ್ಚಿ ಹಾಕುವುದನ್ನು ತಡೆಯುವುದಿಲ್ಲ.

ಆನೊಡೈಸ್ ಮಾಡಿಸದಿದ್ದರೆ ನುಡಿಸುತ್ತಾ ಅಂಗೈ ಕಪ್ಪಾಗುತ್ತದೆ. ಮಾಡಿಸಿದರೆ ಆ ಪದರ ಕರೆಂಟ್ ಹರಿಯಲು ಬಿಡುವುದಿಲ್ಲ. ಇಡೀ ನೆಕ್ ಗ್ರೌಂಡ್ ಆಗಬೇಕು, ಆಗಲೇ ಗುಂಯ್ ಸದ್ದು ನಿಲ್ಲುವುದು. ಅದಕ್ಕೆ ಬ್ರಿಡ್ಜಿನ ಅಡಿ ಮತ್ತು ಗ್ರೌಂಡ್ ವೈರ್ ಸ್ಕ್ರೂ ಹಾಕುವ ಜಾಗದಲ್ಲಿ ಪದರವನ್ನು ಕೆರೆದು ತೆಗೆದೆ. ಮಲ್ಟಿಮೀಟರ್ ಬೀಪ್ ಅಂದ ಮೇಲೇ ಮುಂದಿನ ಕೆಲಸ. ಇನ್ನೊಂದು ಮಾತು: ಆಂಪ್ ಹಚ್ಚುವ ಪ್ಲಗ್‌ನಲ್ಲಿ ಅರ್ಥಿಂಗ್ ಇದೆಯಾ ಅಂತ ಮೊದಲು ಪರೀಕ್ಷಿಸಿ. ಎಲ್ಲ ಎಲೆಕ್ಟ್ರಿಕ್ ಗಿಟಾರಿಗೂ ಇದು ಬೇಕು. ಆದರೆ ಇಲ್ಲಿ ನಿಮ್ಮ ಅಂಗೈ ಪೂರ್ತಿ ಲೋಹದ ಮೇಲಿರುತ್ತದೆ.

ಈಗ ಬಿಸಿಯ ವಿಷಯ. 10 ಡಿಗ್ರಿ ಏರಿದರೆ ಮಿಡಿಯುವ ತಂತಿಯ ಉದ್ದದಷ್ಟು, ಅಂದರೆ 648 ಮಿ.ಮೀ. ಅಲ್ಯೂಮಿನಿಯಂ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ. ಉಕ್ಕಿನ ತಂತಿ ಹಿಗ್ಗುವುದು ಅದರ ಅರ್ಧ. ಹಾಗಾಗಿ ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಎಲ್ಲ ತಂತಿ ಒಂದೇ ಸಮ ಏರಿದ್ದರೆ ಅಷ್ಟು ಗೊತ್ತಾಗುತ್ತಿರಲಿಲ್ಲ. ಸಪೂರ ಒಂದನೇ ತಂತಿ ಸ್ವಲ್ಪವೇ ಸರಿಯುತ್ತದೆ, ಸುತ್ತಿಲ್ಲದ ಮೂರನೇ ತಂತಿ ಜಾಸ್ತಿ ಓಡುತ್ತದೆ. ವೇದಿಕೆಯಲ್ಲಿ ಇನ್ನೂ ಒಂದು ಆಟ ನಡೆಯುತ್ತದೆ. ದೀಪದ ಕಾವಿಗೆ ಮೊದಲು ತೆಳ್ಳಗಿನ ತಂತಿ ಬಿಸಿಯಾಗಿ ಶ್ರುತಿ ಇಳಿಯುತ್ತದೆ. ಆಮೇಲೆ ನೆಕ್ ನಿಧಾನವಾಗಿ ಕಾದು ಶ್ರುತಿ ಏರುತ್ತದೆ. ಅದಕ್ಕೇ ನಾನು ಗಿಟಾರನ್ನು ಅರ್ಧ ಗಂಟೆ ಮೊದಲೇ ವೇದಿಕೆಯ ಮೇಲೆ ಇಡುತ್ತೇನೆ. ಅಂಗೈ ಕಾವು ನೆಕ್ಕಿಗೆ ಹಿಡಿಯುವವರೆಗೆ ಸುಮ್ನೆ ನುಡಿಸಿ, ಆಮೇಲೆ ಶ್ರುತಿ ಮಾಡುತ್ತೇನೆ. ಮೂರನೇ ತಂತಿಯನ್ನು ಕೊನೆಗೆ ಮುಟ್ಟುತ್ತೇನೆ.

ನಾದ ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ಪಿಕಪ್ ಬದಲಾದರೆ ನಾದ ಬದಲಾಗುವಷ್ಟು ನೆಕ್ ಬದಲಾದರೆ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ವ್ಯತ್ಯಾಸ ಕೇಳಿಸುವುದು ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದರಲ್ಲಿ. ನನ್ನ ಹಳೆಯ ಮರದ ನೆಕ್ಕಿನಲ್ಲಿ ಮೂರನೇ ತಂತಿಯ ಆರನೇ ಫ್ರೆಟ್ಟಿನ ಸುತ್ತಮುತ್ತ ಸ್ವರ ಬೇಗ ಸಾಯುತ್ತಿತ್ತು. ಇದರಲ್ಲಿ ಆ ಜಾಗವೂ ಉಳಿದ ಜಾಗಗಳಷ್ಟೇ ಹೊತ್ತು ಮೊಳಗುತ್ತದೆ. ತಂತಿ ಮೀಟಿದ ಮೊದಲ ಪೆಟ್ಟು ಸ್ಪಷ್ಟ, ಸದ್ದನ್ನು ಒರಟಾಗಿಸುವ ಫಜ್ ಹಾಕಿದರೂ ಕಾರ್ಡ್‌ನ ಸ್ವರಗಳು ಕಲಸಿಹೋಗುವುದಿಲ್ಲ.

ಮುಂದಿನದಕ್ಕೆ ಡ್ರಾಯಿಂಗ್ ಆಗಿದೆ. ಕ್ರೇಮರ್ ಮಾಡಿದಂತೆ ಹಿಂಬದಿಗೆ ಬೀಟೆಯ ಪಟ್ಟಿ, ಹೆಡ್‌ಸ್ಟಾಕ್ ಇಲ್ಲ, ಟ್ಯೂನಿಂಗ್ ಕೀಗಳೆಲ್ಲ ಬ್ರಿಡ್ಜಿನ ಕಡೆ. ಹೆಡ್‌ಸ್ಟಾಕ್ ಹೋದರೆ ಪಟ್ಟಿ ಗಿಡ್ಡವಾಗುತ್ತದೆ, ಸಾಮಾನ್ಯ 800 ಮಿ.ಮೀ. ಟೇಬಲ್‌ನ ವಿಎಂಸಿಯಲ್ಲೇ ಕೆಲಸ ಮುಗಿಯುತ್ತದೆ.