ಹಿನ್ನೀರಿನ ದಡದಲ್ಲಿ ಪ್ರಥಮ ಚಿಕಿತ್ಸೆ ಮತ್ತು ಅಪಘಾತದ ವರದಿ

ಬೇಲೂರಿನ ಯಗಚಿ, ಗೊರೂರಿನ ಹೇಮಾವತಿ, ಲಕ್ಕವಳ್ಳಿಯ ಭದ್ರಾ, ಹೀಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಯಾವ ಹಿನ್ನೀರಿನಲ್ಲಿ ದೋಣಿ ಇಳಿಸುವವರೂ ಮೊದಲು ಆಸ್ಪತ್ರೆಯ ದೂರವನ್ನು ಲೆಕ್ಕ ಹಾಕಿಟ್ಟುಕೊಳ್ಳಬೇಕು. ಬೇಲೂರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆಯಾದರೂ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಸುಮಾರು 40 ಕಿ.ಮೀ. ದೂರದಲ್ಲಿದೆ. 108ಕ್ಕೆ ಕರೆ ಹೋದ ಕ್ಷಣವೇ ಆಂಬುಲೆನ್ಸ್ ಹೊರಟರೂ, ಉಸಿರು ನಿಂತವರ ಮಿದುಳಿಗೆ ಕೆಲವೇ ನಿಮಿಷಗಳಲ್ಲಿ ಹಾನಿ ಶುರುವಾಗುವುದರಿಂದ, ಮೊದಲ ಚಿಕಿತ್ಸೆ ದಡದಲ್ಲಿರುವ ಸಿಬ್ಬಂದಿಯ ಕೈಯಿಂದಲೇ ಆಗಬೇಕು.

ನೀರಿಗೆ ಬಿದ್ದವರ ಬಳಿಗೆ ದೋಣಿ ಹೋಗುವಾಗ ಎಂಜಿನ್ ನಿಲ್ಲಿಸಿಯೇ ಹತ್ತಿರ ಸೇರಬೇಕು. ಸುತ್ತುತ್ತಿರುವ ಪ್ರೊಪೆಲ್ಲರ್ ಮುಳುಗುವುದಕ್ಕಿಂತ ಬೇಗ ಗಾಯ ಮಾಡುತ್ತದೆ. ಪ್ರಜ್ಞೆ ಇರುವವರಿಗೆ ಮೊದಲು ಹಗ್ಗ ಅಥವಾ ಟ್ಯೂಬ್ ಎಸೆಯಬೇಕು. ಗಾಬರಿಯಲ್ಲಿರುವವರು ಹತ್ತಿರ ಬಂದವರನ್ನು ತಬ್ಬಿ ಹಿಡಿದು ಕೆಳಕ್ಕೆಳೆಯುವುದುಂಟು, ಆದ್ದರಿಂದ ನೀರಿಗೆ ಧುಮುಕುವುದು ಕೊನೆಯ ದಾರಿ.

ದಡಕ್ಕೆ ತಂದವರು ಕೂಗಿದರೂ ತಟ್ಟಿದರೂ ಎಚ್ಚರಗೊಳ್ಳದಿದ್ದರೆ, ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದವನ್ನೆತ್ತಿ, ಹತ್ತು ಸೆಕೆಂಡಿನೊಳಗೆ ಉಸಿರಾಟವನ್ನು ನೋಡಬೇಕು. ಹೊಟ್ಟೆಯ ಮೇಲೆ ಒತ್ತಿ ಅಥವಾ ತಲೆಕೆಳಗಾಗಿ ಎತ್ತಿ ನೀರು ಕಕ್ಕಿಸುವ ಹಳೆಯ ರೂಢಿ ನಮ್ಮ ಕಡೆ ಇನ್ನೂ ಬಿಟ್ಟುಹೋಗಿಲ್ಲ, ಅದನ್ನು ಮಾಡಲು ಮುಂದಾಗುವವರು ಜನರ ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಹಾಗೆ ಒತ್ತಿದರೆ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶ ಸೇರುವ ಅಪಾಯವಿದೆ, ಜೊತೆಗೆ ಅಮೂಲ್ಯವಾದ ಸಮಯವೂ ಕಳೆದುಹೋಗುತ್ತದೆ. ಮುಳುಗಿದವರಿಗೆ ಕೊರತೆಯಾಗಿರುವುದು ಆಮ್ಲಜನಕ. ಆದ್ದರಿಂದ ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಐದು ಸಲ ಉಸಿರು ಊದಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಮತ್ತೆ ಎರಡು ಉಸಿರು ಕೊಡುತ್ತಾ ಸಾಗಬೇಕು. ವಯಸ್ಕರಲ್ಲಿ ಒತ್ತು 5ರಿಂದ 6 ಸೆಂ.ಮೀ. ಆಳಕ್ಕೆ ಇಳಿಯಬೇಕು, ವೇಗ ನಿಮಿಷಕ್ಕೆ 100ರಿಂದ 120 ಇರಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗದಿದ್ದರೆ ದಣಿದವರ ಒತ್ತು ಅವರಿಗೇ ತಿಳಿಯದಂತೆ ಮೇಲುಮೇಲಿನದಾಗಿಬಿಡುತ್ತದೆ. ಇನ್ನೊಬ್ಬರು ಆ ಹೊತ್ತಿನಲ್ಲೇ 108 ಅಥವಾ 112ಕ್ಕೆ ಕರೆ ಮಾಡಿ, ಫೋನನ್ನು ಸ್ಪೀಕರಿನಲ್ಲಿಟ್ಟು, ದಡಕ್ಕೆ ಬರುವ ದಾರಿಯ ಗುರುತನ್ನು ಹೇಳಬೇಕು.

ಉಸಿರು ಮರಳಿದವರನ್ನು ಪಕ್ಕಕ್ಕೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಬೇಕು. ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ಚಳಿಯೂ ಒಂದು ಪೆಟ್ಟೇ. "ಈಗ ಚೆನ್ನಾಗಿದ್ದೇನೆ, ಹೊರಡುತ್ತೇನೆ" ಎಂದರೂ, ನೀರು ಕುಡಿದು ಕೆಮ್ಮುತ್ತಿರುವವರನ್ನು ಆಸ್ಪತ್ರೆಗೆ ಕಳುಹಿಸದೆ ಬಿಡಬಾರದು. ಉಸಿರಿನ ತೊಂದರೆ ಕೆಲವು ಗಂಟೆಗಳ ನಂತರವೂ ಉಲ್ಬಣಿಸಬಹುದು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಬೇಕು, ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನಿಡಬೇಕು.

ಪೆಟ್ಟಿಗೆಯ ಬಗ್ಗೆ ಒಂದು ಮಾತು. ನಾನು ಕೆಲಸ ಕಲಿತ ಒಂದು ಕೇಂದ್ರದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಬೀಗ ಹಾಕಿದ್ದರು, ಕೀಲಿ ಊಟಕ್ಕೆ ಪೇಟೆಗೆ ಹೋಗಿದ್ದ ಮ್ಯಾನೇಜರ್ ಜೇಬಿನಲ್ಲಿತ್ತು. ಕಾಲು ಸೀಳಿಕೊಂಡ ಹುಡುಗನಿಗೆ ನಾವು ಟಿಕೆಟ್ ಕೌಂಟರಿನ ಮೇಜುಬಟ್ಟೆಯನ್ನು ಹರಿದು ಕಟ್ಟಿದೆವು.

ವರದಿಯನ್ನು ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಬರೆಯಬೇಕು. ಪ್ರವಾಸಿಗರ ಟೆಂಪೋ ಟ್ರಾವೆಲರ್ ಹಳೇಬೀಡಿನತ್ತ ಹೊರಟುಬಿಟ್ಟರೆ ಕಣ್ಣಾರೆ ಕಂಡವರೂ ಅದರೊಂದಿಗೆ ಹೋದಂತೆ, ಹಾಗಾಗಿ ಅವರ ಹೆಸರು, ವಿಳಾಸ ಮತ್ತು ಫೋನ್ ಸಂಖ್ಯೆಯನ್ನು ಮೊದಲು ಪಡೆಯಬೇಕು. ರಿಜಿಸ್ಟರಿನಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು. "ಪ್ರವಾಸಿಯ ನಿರ್ಲಕ್ಷ್ಯದಿಂದ ಘಟನೆ ನಡೆಯಿತು" ಎಂಬುದು ವರದಿಯಲ್ಲ, ತೀರ್ಪು. ಅದರ ಬದಲು ಹೀಗೆ ಬರೆಯಬಹುದು: "11.20ಕ್ಕೆ ಬನಾನಾ ಬೋಟ್ ಎಡಕ್ಕೆ ತಿರುಗುವಾಗ ಮಗುಚಿತು. ಆರು ಜನ ನೀರಿಗೆ ಬಿದ್ದರು. ಒಬ್ಬರ ಲೈಫ್ ಜಾಕೆಟಿನ ಕೆಳಗಿನ ಬಕಲ್ ಬಿಚ್ಚಿಕೊಂಡಿತ್ತು. 11.24ಕ್ಕೆ ದಡಕ್ಕೆ ತರಲಾಯಿತು. 11.25ಕ್ಕೆ 108ಕ್ಕೆ ಕರೆ ಮಾಡಲಾಯಿತು." ಇದರ ಜೊತೆಗೆ ಗಾಳಿ, ದೋಣಿಯ ಸಂಖ್ಯೆ, ಚಾಲಕರ ಹೆಸರು, ಕೊಟ್ಟ ಚಿಕಿತ್ಸೆ ಮತ್ತು ಕಳುಹಿಸಿದ ಆಸ್ಪತ್ರೆಯನ್ನು ಸೇರಿಸಬೇಕು. ತಪ್ಪು ಬರೆದರೆ ಒಂದು ಗೆರೆ ಎಳೆದು ಸಹಿ ಹಾಕಬೇಕೇ ಹೊರತು ಬಿಳಿ ಶಾಯಿ ಹಚ್ಚಬಾರದು. ಇಂಬಳ ಕಚ್ಚಿದ್ದನ್ನು ಬರೆಯಬೇಕಿಲ್ಲ. ಯಾರಿಗೂ ಗಾಯವಾಗದೆ ಮಗುಚಿದ ಕಯಾಕನ್ನು ಬರೆಯಲೇಬೇಕು.

ಸಾವು ಸಂಭವಿಸಿದ್ದರೆ ಪೊಲೀಸ್ ಠಾಣೆಗೆ ತಡಮಾಡದೆ ತಿಳಿಸಬೇಕು. ಅಸಹಜ ಸಾವಿನ ವಿಚಾರಣೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಅವರು ನಡೆಸಬೇಕಾದ ಕೆಲಸ. ಅವರು ಬರುವ ತನಕ ಆ ದೋಣಿಯನ್ನು ಮತ್ತೆ ನೀರಿಗಿಳಿಸಬಾರದು, ಲೈಫ್ ಜಾಕೆಟನ್ನು ತೊಳೆದು ಒಣಗಿಸಬಾರದು, ಬಿಚ್ಚಿದ ಬಕಲನ್ನು ಸರಿಪಡಿಸಲೂಬಾರದು. ಎಲ್ಲವನ್ನೂ ಇದ್ದಂತೆಯೇ ಫೋಟೋ ತೆಗೆದು, ಒಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಬೇಕು.